ನಂಬದ ಮೇಷ್ಟ್ರು

ಹೋದ ತಿಂಗಳು ನಮ್ಮ ಹಳೆಯ ಶಾಲೆಯವರ ವಾಟ್ಸಾಪ್ ಗುಂಪಿನಲ್ಲಿ ಇಂಗ್ಲಿಷ್ ಮೇಷ್ಟ್ರ ಫೋಟೋ ಬಂತು. ಹಾರ ಹಾಕಿದ ಫೋಟೋ. ಕೆಳಗೆ ಕೈಮುಗಿದ ಚಿತ್ರಗಳ ಸಾಲು, ಓಂ ಶಾಂತಿಗಳ ಸಾಲು. ‘ಸದಾ ಹಸನ್ಮುಖಿ, ಎಲ್ಲರೊಡನೆ ಬೆರೆಯುತ್ತಿದ್ದ ಸರಳಜೀವಿ’ ಎಂದು ಯಾರೋ ಬರೆದಿದ್ದರು. ಹಾಗೆ ಬರೆದವರು ಅವರ ಜೊತೆ ಒಂದು ದಿನವಾದರೂ ಕೆಲಸ ಮಾಡಿದ್ದರೋ ಇಲ್ಲವೋ, ನನಗೆ ಅನುಮಾನ. ಮೇಷ್ಟ್ರು ಹಸನ್ಮುಖಿಯಲ್ಲ, ಬೆರೆಯುವವರಂತೂ ಅಲ್ಲವೇ ಅಲ್ಲ. ಬದುಕಿದ್ದು ಇದನ್ನು ಓದಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತುಟಿಯನ್ನು ಒಂದು ಕಡೆಗೆ ಎಳೆದು, ‘ಬಾಷ್!’ ಎನ್ನುತ್ತಿದ್ದರು.

ಮಳವಳ್ಳಿಯ ಆ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಮದ್ದೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವುದು. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಮೇಷ್ಟ್ರ ಕುರ್ಚಿಗೆ ಎದುರಾಗಿ ಇತ್ತು. ಹಾಗಾಗಿ ಅವರ ಬಾಯಿಂದ ಬರುತ್ತಿದ್ದ ಆ ವಿಚಿತ್ರ ಮಾತುಗಳೆಲ್ಲ ಮೊದಲು ನನ್ನ ಮುಖಕ್ಕೇ ಬಂದು ಬೀಳುತ್ತಿದ್ದವು. ಟಟ್ ಟಟ್, ಪ್ಷಾ, ಪೂಹ್, ಬಾಷ್, ಹಂಬಗ್, ಫಿಡಲ್‌ಸ್ಟಿಕ್ಸ್, ಬಾಲ್ಡರ್‌ಡ್ಯಾಶ್. ಯಾರು ಏನು ಹೇಳಿದರೂ ಮೇಷ್ಟ್ರಿಗೆ ನಂಬಿಕೆ ಬರುತ್ತಿರಲಿಲ್ಲ. ನಂಬಿಕೆ ಬರಲಿಲ್ಲ ಎಂದು ಹೇಳುವುದಕ್ಕೆ ಇಷ್ಟು ಬಗೆಯ ಮಾತುಗಳಿದ್ದವು.

ಹೆಡ್‌ಮಾಸ್ಟರು ಬಂದು ‘ಈ ವರ್ಷ ನೂರಕ್ಕೆ ನೂರು ರಿಸಲ್ಟ್ ಬರಲೇಬೇಕು’ ಎಂದರೆ, ಮೇಷ್ಟ್ರು ಕಿಟಕಿಯ ಕಡೆ ತಿರುಗಿ ‘ಪೂಹ್’ ಎನ್ನುವರು. ಬಸ್ ಕಂಡಕ್ಟರು ‘ಈಗ್ಲೇ ಒಂಟೋಯ್ತದೆ, ಅತ್ಕಳಿ’ ಎಂದರೆ ‘ಫಿಡಲ್‌ಸ್ಟಿಕ್ಸ್’ ಎಂದು ಕೆಳಗೇ ನಿಲ್ಲುವರು. ಬಸ್ಸೂ ಅವರು ಹೇಳಿದ ಹಾಗೆಯೇ ಆಮೇಲೆ ನಿಧಾನವಾಗಿ ಹೊರಡುತ್ತಿತ್ತು. ಒಂದು ಸ್ವಾತಂತ್ರ್ಯ ದಿನಾಚರಣೆಗೆ ಮುಖ್ಯ ಅತಿಥಿಯಾಗಿ ಬಂದಿದ್ದ ಮುಖಂಡರೊಬ್ಬರು ‘ನಾನು ಅಧಿಕಾರಕ್ಕಾಗಿ ಬಂದವನಲ್ಲ’ ಎಂದು ಶುರುಮಾಡಿದರು. ವೇದಿಕೆಯ ಮೇಲಿದ್ದ ಮೇಷ್ಟ್ರು ಮೈಕಿಗೆ ಕೇಳುವಷ್ಟು ಜೋರಾಗಿ ‘ಬಾಷ್!’ ಅಂದುಬಿಟ್ಟರು. ಮುಖಂಡರು ಮಾತು ನಿಲ್ಲಿಸಿ ಹೆಡ್‌ಮಾಸ್ಟರ ಮುಖ ನೋಡಿದರು. ಹೆಡ್‌ಮಾಸ್ಟರು ಎದ್ದು ನಿಂತು ‘ಭೇಷ್ ಅಂತಾವ್ರೆ ಸಾರ್’ ಎಂದು ಚಪ್ಪಾಳೆ ತಟ್ಟಿಸಿ ಶಾಲೆಯ ಮಾನ ಉಳಿಸಿದರು.

ಈ ಮಾತುಗಳನ್ನು ಅವರು ಯಾರಿಂದಲೂ ಕೇಳಿ ಕಲಿತವರಲ್ಲ. ಮಂಡ್ಯದಲ್ಲಿ ಅವರು ಓದುವಾಗ ಶಾಲೆಯ ಲೈಬ್ರರಿಯಲ್ಲಿ ಯಾರೂ ಮುಟ್ಟದ ಒಂದು ಬೀರು ಇತ್ತಂತೆ. ಅದರ ತುಂಬ ಹುಳು ತಿಂದ ಹಳೆಯ ಇಂಗ್ಲಿಷ್ ಕಾದಂಬರಿಗಳು. ಅವುಗಳಲ್ಲಿ ಮುದುಕರು, ಕರ್ನಲ್ಲುಗಳು, ದೊಡ್ಡಮ್ಮಂದಿರು ಎಲ್ಲರೂ ಹೀಗೆಯೇ ಮಾತಾಡುತ್ತಿದ್ದರಂತೆ. ಹೇಗೆ ಉಚ್ಚರಿಸಬೇಕು ಎಂದು ಹೇಳಿಕೊಡುವವರು ಇರಲಿಲ್ಲ. ತಾವೇ ಕನ್ನಡಿಯ ಮುಂದೆ ನಿಂತು ಅಂದು ನೋಡಿ ತೀರ್ಮಾನ ಮಾಡಿಕೊಂಡರು.

ಶಾಲೆಗೆ ಹೊಸದಾಗಿ ಬಂದ ಎಳೆಯ ಇಂಗ್ಲಿಷ್ ಟೀಚರ್ ಒಬ್ಬಳು ಒಂದು ದಿನ ಧೈರ್ಯ ಮಾಡಿ ಹೇಳಿದಳು.

“ಈಗ ಯಾರೂ ಹೀಗೆ ಅನ್ನಲ್ಲ ಸರ್. ಇಂಗ್ಲೆಂಡಲ್ಲೂ ಇಲ್ಲ. ಇವೆಲ್ಲ ಸತ್ತುಹೋಗಿರೋ ಪದಗಳು.”

ಮೇಷ್ಟ್ರು ಇದಕ್ಕೆ ಪೂಹ್ ಎನ್ನಲಿಲ್ಲ. “ಹಾಗಾದ್ರೆ ಇಡೀ ಪ್ರಪಂಚಕ್ಕೆ ನಾನೊಬ್ಬನೇ ಅಂತಾಯ್ತು” ಎಂದರು. ತಮಾಷೆಗೆ ಅಂದರು ಎಂದುಕೊಂಡು ನಾವೆಲ್ಲ ನಕ್ಕೆವು. ಈಗ ಬರೆಯುವಾಗ ನಗು ಬರುತ್ತಿಲ್ಲ.

ಕನ್ನಡದವಳಾದ್ದರಿಂದ ನನಗೂ ಒಮ್ಮೆ ರೇಗಿತ್ತು. “ಬಯ್ಯೋಕೆ ಕನ್ನಡದಲ್ಲಿ ಮಾತಿಗೇನು ಬರ ಸಾರ್?” ಎಂದು ಕೇಳಿದ್ದೆ.

“ಬರ ಅಲ್ಲಮ್ಮ, ಅತಿವೃಷ್ಟಿ” ಎಂದರು. “ಕನ್ನಡದಲ್ಲಿ ಥೂ ಅಂದ್ರೆ ಎಂಜಲು ಹಾರುತ್ತೆ. ಅದರಲ್ಲೂ ನಮ್ಮ ಮಂಡ್ಯದ ಕಡೆ ತಮಾಷೆಗೆ ಒಂದು ಮಾತು ಅಂದ್ರೂ ಎದುರಿಗಿರೋನ ಅಪ್ಪ, ತಾತ ಎಲ್ಲ ಎದ್ದು ಬರ್ತಾರೆ. ಇವು ನೋಡಿ, ಯಾರ ಮೈಗೂ ತಗಲೋದಿಲ್ಲ. ಗಾಳೀಲೇ ಒಡೆದುಹೋಗುತ್ವೆ.”

ಹಾಗೆಂದು ಅವರು ನಿಜವಾಗಿ ತಿಳಿದಿದ್ದರು. ಆದರೆ ತಗಲದೇ ಏನು? ಕೇಳಿದವರಿಗೆ ಪದದ ಅರ್ಥ ಗೊತ್ತಾಗದಿದ್ದರೂ ಆ ಎಳೆದ ತುಟಿಯ ಅರ್ಥ ಗೊತ್ತಾಗುತ್ತಿತ್ತು. ಹೊಸ ಸೀರೆಯ ಬೆಲೆ ಹೇಳಿದ ವಿಜ್ಞಾನದ ಮೇಡಂ, ಮಗನ ಮಾರ್ಕ್ಸ್ ಹೇಳಿದ ಗುಮಾಸ್ತರು, ಎಲ್ಲರೂ ಒಬ್ಬೊಬ್ಬರಾಗಿ ಅವರ ಹತ್ತಿರ ಮಾತು ಕಡಿಮೆ ಮಾಡಿದರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರ ಮೇಜಿನ ಸುತ್ತ ಖಾಲಿ ಜಾಗ ಇರುತ್ತಿತ್ತು.

ಆ ಖಾಲಿ ಜಾಗಕ್ಕೆ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಿದ್ದವರು ಒಬ್ಬರೇ, ನಮ್ಮ ಡ್ರಿಲ್ ಮೇಷ್ಟ್ರು.

ಡ್ರಿಲ್ ಮೇಷ್ಟ್ರು ಕಿರುಗಾವಲಿನ ಕಡೆಯ ಗೌಡರು. ಗದ್ದೆ, ತೋಟ, ಕಬ್ಬು ಎಲ್ಲ ಇದ್ದ ಮನೆ. ಬೈಕಿನ ಹಿಂದೆ ಬದನೆಕಾಯಿಯನ್ನೋ ಸೊಪ್ಪನ್ನೋ ಕಟ್ಟಿಕೊಂಡು ಬಂದು ಸ್ಟಾಫ್ ರೂಮಿಗೆಲ್ಲ ಹಂಚುತ್ತಿದ್ದರು. ಕತ್ತಿನಲ್ಲಿ ಸದಾ ಒಂದು ಸೀಟಿ. ಅವರಿಗೊಂದು ಚಟ ಇತ್ತು. ಸುಳ್ಳು ಹೇಳುವುದು. ಯಾರಿಗೂ ಮೋಸ ಮಾಡುವ ಸುಳ್ಳಲ್ಲ, ಸಂತೋಷದ ಸುಳ್ಳು.

“ಮೇಷ್ಟ್ರೇ, ನಿನ್ನೆ ತೋಟದಲ್ಲಿ ಒಂದ್ ಎಳ್ನೀರ್ ಕಿತ್ತೆ. ಬಾಯ್ಗಾಕಂಡ್ರೆ ಬೆಲ್ಲದ ಪಾಕ ಕಣ್ರೀ! ಏನಪ್ಪ ಇದು ಅಂತ ಬುಡ ಅಗೆದು ನೋಡ್ತೀನಿ, ತೆಂಗಿನ್ ಬೇರು ಸೀದಾ ಪಕ್ಕದ ಕಬ್ಬಿನ್ ಗದ್ದೆಗೆ ಓಗ್ಬುಟ್ಟದೆ.”

“ಪ್ಷಾ!” ಇದು ಇಂಗ್ಲಿಷ್ ಮೇಷ್ಟ್ರು.

“ಬರೀ ಪ್ಷಾನಾ? ಅಷ್ಟೇಯಾ? ಸರಿ, ಇದ್ನ ಕೇಳಿ ಮತ್ತೆ. ನಮ್ಮೂರಲ್ಲಿ ಈಗ ಕರೆಂಟು ಎಷ್ಟ್ ಡಿಮ್ಮು ಅಂದ್ರೆ, ಬಲ್ಬು ಉರೀತಾ ಅದೋ ಇಲ್ವೋ ಅಂತ ನೋಡಕ್ಕೆ ದೀಪ ಅಚ್ಕಂಡ್ ಓಯ್ತೀವಿ.”

“ಫಿಡಲ್‌ಸ್ಟಿಕ್ಸ್!”

“ಆ, ಈಗ್ ಬಂತು ನೋಡಿ ದಾರಿಗೆ!”

ಹೀಗೆ ಇಬ್ಬರ ನಡುವೆ ಒಂದು ಲೆಕ್ಕಾಚಾರವೇ ಇತ್ತು. ಸಣ್ಣ ಸುಳ್ಳಿಗೆ ಟಟ್ ಟಟ್, ಅದಕ್ಕಿಂತ ಮೇಲಿನದಕ್ಕೆ ಪ್ಷಾ, ಒಳ್ಳೆಯ ಸುಳ್ಳಿಗೆ ಫಿಡಲ್‌ಸ್ಟಿಕ್ಸ್. ಬಾಲ್ಡರ್‌ಡ್ಯಾಶ್ ಸಿಗುವುದು ಅಪರೂಪ. ಸಿಕ್ಕಿದ ದಿನ ಡ್ರಿಲ್ ಮೇಷ್ಟ್ರು ಕುರ್ಚಿಯಿಂದೆದ್ದು ಸೀಟಿಯನ್ನು ಬಾಯಿಗಿಟ್ಟು ಒಮ್ಮೆ ಪೀಪ್ ಎನ್ನಿಸುವರು. ಪಕ್ಕದ ಕ್ಲಾಸಿನ ಮಕ್ಕಳು ಆಟದ ಪೀರಿಯಡ್ ಬಂತೆಂದು ಎದ್ದು ನಿಲ್ಲುವರು. ಮೇಷ್ಟ್ರ ಮುಖದಲ್ಲಿ ನಗು ಎನ್ನುವುದಕ್ಕೆ ಹತ್ತಿರವಾದ ಒಂದು ಗೆರೆಯನ್ನು ನಾನು ನೋಡಿದ್ದರೆ ಅಂಥ ದಿನಗಳಲ್ಲಿ ಮಾತ್ರ.

ಮೇಷ್ಟ್ರು ತಾವು ಮಾತ್ರ ಸುಳ್ಳಾಡುತ್ತಿರಲಿಲ್ಲ. ರಜೆ ಬೇಕಾದರೆ ‘ಶಾಲೆಗೆ ಬರಲು ಬೇಸರ’ ಎಂದೇ ಬರೆದುಕೊಡುತ್ತಿದ್ದರು. ಹೆಡ್‌ಮಾಸ್ಟರು ಅದನ್ನು ‘ಹೊಟ್ಟೆನೋವು’ ಎಂದು ತಿದ್ದಿಸುವುದಕ್ಕೆ ಅವರ ಕಾಲು ಹಿಡಿಯುವುದೊಂದು ಬಾಕಿ.

ಅವರಿಗೆ ಮದುವೆಯಾಗಿರಲಿಲ್ಲ. ಪೇಟೆಯ ಹಿಂದಿನ ಬೀದಿಯಲ್ಲಿ ಒಂದು ಮನೆಯ ಮಹಡಿಯ ಮೇಲೆ ಎರಡು ರೂಮಿನಲ್ಲಿ ಒಬ್ಬರೇ ಇದ್ದರು. ಅಡುಗೆ ಅವರದೇ. ಆ ಮಹಡಿಯ ಮೆಟ್ಟಿಲನ್ನು ಹತ್ತಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವರಿಗೆ ಜ್ವರ ಬಂದಿದ್ದಾಗ ನಾನೊಮ್ಮೆ ಹೋಗಿದ್ದೆ, ಅಷ್ಟೇ. ನಮ್ಮ ಕಡೆ ಮದುವೆ, ಗೃಹಪ್ರವೇಶ ಏನೇ ಆಗಲಿ, ಗಂಡ ಹೆಂಡತಿ ಮನೆಗೆ ಬಂದು, ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು, ಅರಿಶಿನ ಹಚ್ಚಿದ ಕಾರ್ಡು ಕೈಗಿಟ್ಟು ಕರೆದರೆ ಮಾತ್ರ ಕರೆದಂತೆ. ಬರೀ ಕಾರ್ಡು ಕಳಿಸಿದರೆ ‘ಏನೋ ಕಾಟಾಚಾರಕ್ಕೆ ಕೊಟ್ರು’ ಎನ್ನುತ್ತಾರೆ, ಹೋಗುವುದೂ ಇಲ್ಲ. ಹೆಂಗಸಿಲ್ಲದ ಮನೆಗೆ ಕುಂಕುಮ ತೆಗೆದುಕೊಂಡು ಹೋಗುವುದು ಯಾರ ಹತ್ತಿರ? ಹಾಗಾಗಿ ಎಲ್ಲರೂ ಮೇಷ್ಟ್ರ ಕಾರ್ಡನ್ನು ಸ್ಟಾಫ್ ರೂಮಿನ ಮೇಜಿನ ಮೇಲೇ ಇಟ್ಟುಬಿಡುತ್ತಿದ್ದರು. ಅವರು ಅದನ್ನು ನೋಡಿ ‘ಹಂಬಗ್’ ಎಂದು ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಳ್ಳುತ್ತಿದ್ದರು. ಯಾರ ಮದುವೆಗೂ ಹೋಗುತ್ತಿರಲಿಲ್ಲ.

ಡ್ರಿಲ್ ಮೇಷ್ಟ್ರ ಮಗಳ ಮದುವೆ ಗೊತ್ತಾಯಿತು. ಹುಡುಗಿ ನನ್ನ ಶಿಷ್ಯೆಯೇ. ಗಂಡು ಮದ್ದೂರಿನ ಹತ್ತಿರದ ಶಿವಪುರದವನು, ಮದುವೆ ಮಂಡ್ಯದ ಛತ್ರದಲ್ಲಿ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ಡ್ರಿಲ್ ಮೇಷ್ಟ್ರು ಹೇಳಿಕೊಂಡರು.

“ನಾಳೆಯಿಂದ ಕರೆಯಕ್ಕೆ ಶುರು ಮಾಡ್ಬೇಕು. ಈ ಕಡೆ ಮಳವಳ್ಳಿ, ಆ ಕಡೆ ಮೈಸೂರು, ನೆಂಟರೆಲ್ಲ ಚೆಲ್ಲಾಡ್ಬುಟ್ಟವ್ರೆ. ಒಬ್ಬರ ಮನೆ ಬುಟ್ರೂ ಮುನುಸು. ಕಾಲ್ ಸವೆದೋಯ್ತವೆ ಮೇಷ್ಟ್ರೇ.”

“ಹಂಬಗ್!” ಎಂದರು ಮೇಷ್ಟ್ರು. “ಮನೆಮನೆಗೆ ಹೋಗಿ ಬಾಗಿಲು ತಟ್ಟಿ, ಅವರು ಕೊಟ್ಟ ಕಾಫಿ ಕುಡಿದು, ಬನ್ನಿ ಬನ್ನಿ ಅಂತ ಹಲ್ಲು ಗಿಂಜೋದು! ಬರೋವ್ನು ಬರ್ತಾನೆ, ಬರದೋನು ಕರೆದ್ರೂ ಬರೋಲ್ಲ. ಈಗ ಫೋನಿನಲ್ಲೇ ಕಳಿಸ್ತಾರಲ್ಲ, ಸಾಲದೇ?”

“ಅಂಗಾರೆ ನಿಮ್ಗೂ ಫೋನ್ಗೇ ಆಕ್ಬುಡ್ಲಾ?”

“ಧಾರಾಳವಾಗಿ ಹಾಕಿ. ನನ್ನ ಮನೆ ಮೆಟ್ಟಿಲು ಹತ್ತೋ ಕಷ್ಟ ಯಾಕೆ ನಿಮಗೆ.”

“ಬೈಯ್ಯಲ್ವಾ ಆಮೇಲೆ?”

“ಬಂದ್ರೇ ಬೈಯ್ಯೋದು, ಗೌಡ್ರೇ.”

ನಾವೆಲ್ಲ ನಕ್ಕೆವು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆವು.

ಕೆಲವು ದಿನಗಳ ಮೇಲೆ ಮೇಷ್ಟ್ರು, ಯಾರೂ ಇಲ್ಲದಾಗ, ನನ್ನನ್ನು ಏನೋ ಕೇಳಿದರು. ಕರೆಯಲು ಬಂದ ಹೆಂಗಸರಿಗೆ ಏನೇನು ಕೊಡುವ ಪದ್ಧತಿ ಎಂದು. ಕುಂಕುಮ, ಹೂವು, ಎಲೆ ಅಡಿಕೆ ಎಂದೆ. “ಗಂಡಸು ಕೊಡಬಹುದೋ?” ಎಂದರು. ತಟ್ಟೆಯಲ್ಲಿಟ್ಟು ಮುಂದೆ ಹಿಡಿದರೆ ಅವರೇ ತೆಗೆದುಕೊಳ್ಳುತ್ತಾರೆ ಎಂದೆ. ಪಾಠದಲ್ಲಿ ಬಂದಿರಬೇಕು, ಅದಕ್ಕೇ ಕೇಳುತ್ತಿದ್ದಾರೆ ಎಂದು ನಾನು ತಿಳಿದೆ.

ನನ್ನ ಮನೆಗೆ ಡ್ರಿಲ್ ಮೇಷ್ಟ್ರು ಹೆಂಡತಿ ಸಮೇತ ಬಂದು ಕರೆದುಹೋದರು. ಇಂಗ್ಲಿಷ್ ಮೇಷ್ಟ್ರ ಫೋನಿಗೆ ಗಣಪತಿ ಕುಣಿಯುವ, ಹಾಡು ಬರುವ ಆಮಂತ್ರಣ ಹೋಯಿತು.

ಮದುವೆಗೆ ನಾನು ಹೋಗಿದ್ದೆ. ಡ್ರಿಲ್ ಮೇಷ್ಟ್ರು ಹೊಸ ರೇಷ್ಮೆ ಪಂಚೆಯಲ್ಲಿ ಛತ್ರದ ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿದು ಒಳಗೆ ಕಳಿಸುತ್ತಿದ್ದರು. ನನ್ನನ್ನು ಕಂಡ ಕೂಡಲೇ “ಎಲ್ಲಿ, ಮೇಷ್ಟ್ರು ನಿಮ್ ಜೊತೇಲಿ ಬರ್ನಿಲ್ವಾ ಮೇಡಮ್ಮೋರೆ?” ಎಂದರು. ಇಲ್ಲ ಎಂದೆ. “ಬತ್ತಾರೆ ಬುಡಿ. ಮಳವಳ್ಳಿ ಬಸ್ಸು ಲೇಟು” ಎಂದರು. ಧಾರೆಗೆ ಹೊತ್ತಾಯಿತೆಂದು ಒಳಗಿನಿಂದ ಕರೆ ಬಂದ ಮೇಲೂ ಒಮ್ಮೆ ರಸ್ತೆಯ ಕಡೆ ನೋಡಿ ಹೋದರು. ಮೇಷ್ಟ್ರು ಬರಲಿಲ್ಲ.

ರಜೆ ಮುಗಿಸಿ ಬಂದ ದಿನ ಡ್ರಿಲ್ ಮೇಷ್ಟ್ರು ಸೀದಾ ಅವರ ಮೇಜಿನ ಮುಂದೆ ನಿಂತರು.

“ಯಾಕ್ ಬರ್ನಿಲ್ಲ ಮೇಷ್ಟ್ರೇ?”

“ಬರೋಕಾಗಲಿಲ್ಲ, ಗೌಡ್ರೇ.”

ಇನ್ನೇನಾದರೂ ಹೇಳುತ್ತಾರೆಂದು ಡ್ರಿಲ್ ಮೇಷ್ಟ್ರು ಕಾದರು. ಮೇಷ್ಟ್ರು ಪುಸ್ತಕದಿಂದ ತಲೆಯೆತ್ತಲಿಲ್ಲ. “ಸರಿ ಬುಡಿ” ಎಂದು ಅವರು ಮೈದಾನಕ್ಕೆ ಹೋದರು. ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಅವರ ಕುರ್ಚಿ ಗುಮಾಸ್ತರ ಮೇಜಿಗೆ ಹೋಯಿತು. ಜಗಳವೇನೂ ಆಗಲಿಲ್ಲ. ಸೊಪ್ಪು ತಂದರೆ ಮೇಷ್ಟ್ರ ಪಾಲನ್ನೂ ಮೇಜಿನ ಮೇಲಿಟ್ಟು ಹೋಗುವರು. ಸುಳ್ಳು ಮಾತ್ರ ಹೇಳಲಿಲ್ಲ. ಮತ್ತೆ ಯಾವತ್ತೂ ಸ್ಟಾಫ್ ರೂಮಿನಲ್ಲಿ ಸೀಟಿ ಊದಲಿಲ್ಲ.

ಮೊದಲು ಮೇಷ್ಟ್ರು ನಿವೃತ್ತರಾದರು, ಆಮೇಲೆ ಡ್ರಿಲ್ ಮೇಷ್ಟ್ರು, ಆಮೇಲೆ ನಾನು. ಮೇಷ್ಟ್ರು ಆಗಾಗ ಸಂಜೆ ನನಗೆ ಫೋನ್ ಮಾಡುತ್ತಿದ್ದರು. ಮಾತಾಡಲು ಏನೂ ಇರುತ್ತಿರಲಿಲ್ಲ. ನಾನು ಮದ್ದೂರಿನ ಸುದ್ದಿ ಏನಾದರೂ ಹೇಳಿದರೆ “ಹೌದೇ, ಹೌದೇ” ಎಂದು ಕೇಳುವರು. ಒಂದು ಸಲ, “ಹಳೇ ಅಭ್ಯಾಸ ಬಿಟ್ಬಿಟ್ರಾ ಸಾರ್? ಒಂದು ಪೂಹ್ ಕೂಡ ಇಲ್ಲ” ಎಂದು ಕೆಣಕಿದೆ.

“ನೀವು ಹೇಳೋದೆಲ್ಲ ನಿಜಾನೇ ಇರುತ್ತಲ್ಲಮ್ಮ” ಎಂದರು. “ಟೀವಿ ಮುಂದೆ ಕೂತು ದಿನಾ ಅಂತೀನಿ. ಅದರಲ್ಲಿ ಬರೋ ಸುಳ್ಳಿಗೆ ಬಾಲ್ಡರ್‌ಡ್ಯಾಶೂ ಕಡಿಮೆಯೇ. ಆದರೆ ಟೀವಿಗೆ ಎಷ್ಟು ಅಂದ್ರೂ ಅದು ಸಂತೋಷಪಡೋದಿಲ್ಲ.”

ಗೌಡರಿಗೆ ಒಂದು ಫೋನ್ ಮಾಡಬಾರದೇ ಎಂದೆ. ಫೋನ್ ಕಟ್ಟಾಯಿತೇನೋ ಎಂದು ನೋಡಿಕೊಂಡೆ. ಕಟ್ಟಾಗಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಡ್ರಿಲ್ ಮೇಷ್ಟ್ರು ತೋಟದಲ್ಲಿ ಕುಸಿದುಬಿದ್ದು ತೀರಿಕೊಂಡರು. ಸುದ್ದಿ ನನಗೆ ತಲುಪುವ ಮೊದಲೇ ಮೇಷ್ಟ್ರಿಗೆ ತಲುಪಿತ್ತು. ಅವರೇ ಫೋನ್ ಮಾಡಿ, “ನಾನು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿದ್ದೀನಿ. ನೀವು ಬಂದ್ರೆ ಒಟ್ಟಿಗೆ ಹೋಗಬಹುದು” ಎಂದರು. ನಾನು ಹೋಗುವ ಹೊತ್ತಿಗೆ ಕೈಯಲ್ಲೊಂದು ಹೂವಿನ ಹಾರ ಹಿಡಿದು ಬಿಸಿಲಿನಲ್ಲೇ ನಿಂತಿದ್ದರು.

ಕಿರುಗಾವಲಿನ ಬಸ್ಸಿನಲ್ಲಿ ಪಕ್ಕದಲ್ಲೇ ಕೂತರು. ನಾನೇ, “ನೀವು ಹೊರಟಿದ್ದು ಒಳ್ಳೇದಾಯ್ತು ಸಾರ್. ಬರ್ತೀರೋ ಇಲ್ಲವೋ ಅಂದ್ಕೊಂಡಿದ್ದೆ” ಎಂದೆ.

“ಸಾವಿನ ಮನೆಗೆ ಕರೆಯೋ ಪದ್ಧತಿ ಇಲ್ಲವಲ್ಲಮ್ಮ” ಎಂದರು. “ಇಲ್ಲಿಗಾದ್ರೆ ಯಾರು ಬೇಕಾದ್ರೂ ಹೋಗಬಹುದು.”

ಆಮೇಲೆ, ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, ಎಲ್ಲ ಹೇಳಿದರು. ಡ್ರಿಲ್ ಮೇಷ್ಟ್ರು ಕರೆಯಲು ಬಂದೇ ಬರುತ್ತಾರೆಂದು ಅವರು ಕಾದಿದ್ದರಂತೆ. ಹೊಸ ಜಮಖಾನೆ ತಂದಿದ್ದರು, ಎರಡು ಲೋಟ ತಂದಿದ್ದರು. ಒಂದು ಕುಂಕುಮದ ಬಟ್ಟಲು. ಭಾನುವಾರ ಬಂತೆಂದರೆ ಒಂದು ಮೊಳ ಮಲ್ಲಿಗೆ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಮದುವೆಯ ದಿನ ಬೆಳಿಗ್ಗೆಯೂ ಸ್ನಾನ ಮಾಡಿ, ಮಡಿಸಿದ ಪಂಚೆ ಉಟ್ಟು ಕುರ್ಚಿಯ ಮೇಲೆ ಕೂತಿದ್ದರು, ದಾರಿಯಲ್ಲಿ ಹೋಗುವಾಗಲಾದರೂ ಒಂದು ಮಾತು ಕೂಗುತ್ತಾರೇನೋ ಎಂದು.

“ನೀವೇ ಅಲ್ವಾ ಸಾರ್ ಬರಬೇಡಿ ಅಂದಿದ್ದು?”

“ನಾನು ಏನು ಅಂದ್ರೂ ಆತ ಒಂದು ದಿನಾನೂ ನಂಬಿದವನಲ್ಲ. ಇದೊಂದನ್ನ ಯಾಕೆ ನಂಬಿದ?”

ಜೀವನವೆಲ್ಲ ಸುಳ್ಳು ಹೇಳಿದವರು ಆ ಒಂದು ಮಾತನ್ನು ನಂಬಿದರು. ಜೀವನವೆಲ್ಲ ಯಾರನ್ನೂ ನಂಬದವರು ಗೌಡರು ಬರುತ್ತಾರೆಂದು ನಂಬಿ ಕಾದರು. ಇಬ್ಬರ ಮೇಲೂ ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು.

ಮನೆಯ ಜಗಲಿಯ ಮೇಲೆ ಡ್ರಿಲ್ ಮೇಷ್ಟ್ರನ್ನು ಮಲಗಿಸಿದ್ದರು. ಅವರ ಹೆಂಡತಿ ನಮ್ಮನ್ನು ಕಂಡು ಎದೆ ಬಡಿದುಕೊಂಡರು. “ಏಳ್ರೀ, ನಿಮ್ ಮೇಷ್ಟ್ರು ಬಂದವ್ರೆ ಕಣ್ರೀ! ಮೇಷ್ಟ್ರು ಮೇಷ್ಟ್ರು ಅಂತಿದ್ರಲ್ಲಾ, ಎದ್ದು ಒಂದ್ ಮಾತಾಡ್ಸ್ರೀ!” ಮೇಷ್ಟ್ರು ಹಾರ ಹಾಕಿ, ಕಾಲ ಹತ್ತಿರ ನಿಂತರು. ಬಾಯಿ ಒಂದೆರಡು ಸಲ ತೆರೆಯಿತು. ಏನೂ ಬರಲಿಲ್ಲ.

ಕೆಲವು ದಿನಗಳಾದ ಮೇಲೆ ಶಿವಪುರದಿಂದ ಆ ಮಗಳು ಗಂಡನ ಜೊತೆ ಕಾರಿನಲ್ಲಿ ನನ್ನ ಮನೆಗೆ ಬಂದಳು. ಅಪ್ಪನ ತಿಥಿಗೆ ಕರೆಯಲು. ಆ ಕಡೆಯವರನ್ನು ತಮ್ಮ ಕರೆಯುತ್ತಿದ್ದಾನೆ, ಈ ಕಡೆಯವರನ್ನು ತಾವು ಎಂದಳು. ಕಾರ್ಡು ಕೊಟ್ಟವಳು ಏಳದೆ ಕೂತಿದ್ದಳು.

“ಮಿಸ್, ಇಂಗ್ಲಿಷ್ ಮೇಷ್ಟ್ರ ಮನೆ ಎಲ್ಲಿ ಅಂತ ನಮ್ಗೆ ಗೊತ್ತಿಲ್ಲ. ಅಪ್ಪನ್ಗೂ ಸರ್ಯಾಗಿ ಗೊತ್ತಿರ್ಲಿಲ್ಲ ಅನ್ಸುತ್ತೆ. ಬಂದು ತೋರಿಸ್ತೀರಾ? ಫೋನಲ್ಲಿ ಹೇಳೋಕೆ ಮನಸ್ಸು ಬರ್ತಿಲ್ಲ.”

ಅವರ ಜೊತೆಯಲ್ಲೇ ಮಳವಳ್ಳಿಗೆ ಹೋದೆ. ಬಾಗಿಲು ತಟ್ಟಿದಾಗ ಮೇಷ್ಟ್ರು ಬನಿಯನ್ನಿನಲ್ಲಿದ್ದರು. ನಮ್ಮನ್ನು ಕಂಡು ಒಳಗೆ ಓಡಿ ಅಂಗಿ ಹಾಕಿಕೊಂಡು ಬಂದರು. ಗುಂಡಿ ಮೇಲೆ ಕೆಳಗಾಗಿತ್ತು. “ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದು ಇದ್ದ ಎರಡು ಕುರ್ಚಿಗಳನ್ನು ಅತ್ತಿತ್ತ ಎಳೆದರು. ಬೇಡ ಎಂದರೂ ಕೇಳದೆ ಕಾಫಿ ಮಾಡಿದರು. ಅಡುಗೆಮನೆಯಿಂದ ಲೋಟದ ಸದ್ದು ಬಹಳ ಹೊತ್ತು ಬರುತ್ತಿತ್ತು.

ಕಾಫಿ ಕುಡಿದಾದ ಮೇಲೆ ಹುಡುಗಿ ಎದ್ದು ನಿಂತು, ಗಂಡನ ಕೈ ಸೇರಿಸಿ, ಎರಡು ಕೈಯಲ್ಲೂ ಕಾರ್ಡು ನೀಡಿದಳು. ತಿಥಿಯ ಕಾರ್ಡು. ಅದರ ಮೂಲೆಗೆ ಅರಿಶಿನ ಹಚ್ಚುವ ಹಾಗಿಲ್ಲ.

“ಅಪ್ಪನ ಕಾರ್ಯ, ಮೇಷ್ಟ್ರೇ. ತಾವು ಬರಲೇಬೇಕು.”

ಮೇಷ್ಟ್ರು ಎರಡು ಕೈಯಲ್ಲೂ ತೆಗೆದುಕೊಂಡರು. ಅದರಲ್ಲಿದ್ದ ಒಂದೊಂದು ಹೆಸರನ್ನೂ ಓದಿದರು. “ಬರ್ತೀನಮ್ಮ” ಎಂದರು. ಆಮೇಲೆ ಬಹಳ ಕಷ್ಟದಿಂದ, “ನಿನ್ನ ಮದುವೆಗೆ ನಾನು...” ಎಂದು ಶುರುಮಾಡಿದರು.

“ಅಯ್ಯೋ, ಗೊತ್ತು ಮೇಷ್ಟ್ರೇ” ಎಂದಳು ಹುಡುಗಿ. “ಅಪ್ಪ ಹೇಳಿದ್ರು. ಅವತ್ತು ಸಂಜೆ ಅವ್ವ ಅಪ್ಪನ ಮೇಲೆ ರೇಗ್ತಿತ್ತು, ‘ಎಲ್ಲಿ ನಿಮ್ಮ ಮೇಷ್ಟ್ರು, ದೊಡ್ಡದಾಗಿ ಏಳ್ಕತಿದ್ರಲ್ಲ’ ಅಂತ. ಅಪ್ಪ ಹೇಳಿದ್ರು, ‘ಬಂದಿದ್ರು ಕಣಮ್ಮಿ. ಜನದಲ್ಲಿ ನೀನ್ ನೋಡ್ನಿಲ್ಲ ಅಷ್ಟೇ. ಅಕ್ಷತೆ ಆಕುದ್ರು, ಮೊದಲ್ನೇ ಪಂಕ್ತೀಲೇ ಊಟಕ್ಕೆ ಕುಂತ್ರು, ಮೂರ್ ಒಬ್ಬಟ್ಟು ತಿಂದ್ರು, ಬಸ್ಸಿಗೆ ಒತ್ತಾಯ್ತು ಅಂತ ಒಂಟೋದ್ರು’ ಅಂತ. ಸ್ಟೇಜ್ ಮೇಲೆ ನಂಗೂ ಗೊತ್ತಾಗಲಿಲ್ಲ. ನಮಸ್ಕಾರ ಮಾಡೋಕಾಗಲಿಲ್ಲವಲ್ಲ ಅಂತ ಇವತ್ತಿಗೂ ಬೇಜಾರು.”

ಹುಡುಗಿ ಬಗ್ಗಿ ಅವರ ಕಾಲು ಮುಟ್ಟಿದಳು. ಗಂಡನೂ ಬಗ್ಗಿದ. ನಾನು ಮೇಷ್ಟ್ರ ಮುಖ ನೋಡಿದೆ. ಡ್ರಿಲ್ ಮೇಷ್ಟ್ರು ತಮ್ಮ ಆಯುಷ್ಯದಲ್ಲಿ ಹೇಳಿದ ಸುಳ್ಳುಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಮೇಷ್ಟ್ರ ತುಟಿ ಒಂದು ಕಡೆಗೆ ಎಳೆಯಿತು. ಅದು ಅಲ್ಲೇ ನಿಂತಿತು. ಅವರು ಹುಡುಗಿಯ ತಲೆಯ ಮೇಲೆ ಕೈಯಿಟ್ಟರು.

“ಮೂರಲ್ಲಮ್ಮ” ಎಂದರು. “ನಾಲ್ಕು ತಿಂದೆ. ನಿಮ್ಮಪ್ಪನೇ ಪಕ್ಕದಲ್ಲಿ ನಿಂತು ಬಡಿಸಿದ್ದು.”